ಗಲ್ಫಿಗೆ ಹೋಗೋದೋ, ಗದ್ದೆಯಲ್ಲೇ ಇರೋದೋ?

(ಕುಂದಾಪುರ ಕಡೆಯ ಒಂದು ಹಳ್ಳಿಯಲ್ಲಿ ರೈತರ ಬೆಲೆ–ಸಾಲ ಅಧ್ಯಯನ ಶಿಬಿರದಲ್ಲಿ ಆಡಿದ ಮಾತಿನ ಬರಹರೂಪ)



ನನ್ನನ್ನು ಇಲ್ಲಿ ಮಾತಾಡಲು ಕರೆದವರು ಒಂದು ತಪ್ಪು ಮಾಡಿದ್ದಾರೆ. ನಾನು ಭಾಷಣಗಾರನಲ್ಲ. 1994ರಿಂದ 2002ರವರೆಗೆ ಎಂಟು ವರ್ಷ ಸೌದಿಯ ದಮ್ಮಾಮಿನಲ್ಲಿ ಕಬ್ಬಿಣ ಕಟ್ಟುವ ಕೆಲಸ ಮಾಡಿದವನು, ಆಮೇಲೆ ಊರಿಗೆ ಬಂದು ಗದ್ದೆ ತೋಟ ನೋಡಿಕೊಂಡು ಇರುವವನು. "ಎರಡೂ ಕಡೆಯ ಅನ್ನ ತಿಂದವನು ನೀನು, ಯಾವುದು ವಾಸಿ ಹೇಳು" ಅಂದರು. ಹೇಳ್ತೇನೆ. ಆದರೆ ಸದ್ಯ ನನಗೂ ಇದು ಬಿಡಿಸಲಾಗದ ಗಂಟು. ನನ್ನ ತಮ್ಮನ ಮಗ, ಇಪ್ಪತ್ತೆರಡರ ಹುಡುಗ, ಹೋದ ವಾರ ವೀಸಾದ ಜೆರಾಕ್ಸ್ ಹಿಡಿದುಕೊಂಡು ನನ್ನ ಜಗಲಿಗೆ ಬಂದ. ಏಜೆಂಟನಿಗೆ ಒಂದೂವರೆ ಲಕ್ಷ ಕೊಡಬೇಕಂತೆ. ನನ್ನ ಗದ್ದೆಯ ಪತ್ರ ಇಟ್ಟರೆ ಸಾಲ ಹುಟ್ಟುತ್ತದಂತೆ. ತಿಂಗಳಿಗೆ ನೂರಕ್ಕೆ ಮೂರು ಬಡ್ಡಿ. ನಾನಿನ್ನೂ ಪತ್ರ ಕೊಟ್ಟಿಲ್ಲ. ಕೊಡೋದಿಲ್ಲ ಅಂತಲೂ ಹೇಳಿಲ್ಲ.

ಮೊದಲಿಗೆ ಒಂದು ಮಾತು. ವೇದಿಕೆ ಹತ್ತಿ "ಭೂಮಿತಾಯಿಯನ್ನು ಬಿಟ್ಟು ಹೋಗಬೇಡಿ" ಅಂತ ಉಪದೇಶ ಮಾಡುವವರು ಬಹಳ. ಅಂಥವರ ಮಕ್ಕಳು ಎಲ್ಲಿದ್ದಾರೆ ಅಂತ ಒಮ್ಮೆ ವಿಚಾರಿಸಿ ನೋಡಿ. ಹೋಗುವ ಹುಡುಗ ದುರಾಸೆಯವನಲ್ಲ. ಅವನು ಲೆಕ್ಕ ಹಾಕಿಯೇ ಹೊರಟಿರುತ್ತಾನೆ. ಆ ಲೆಕ್ಕದಲ್ಲಿ ಏನು ಬಿಟ್ಟು ಹೋಗಿದೆ ಎಂಬುದಷ್ಟೇ ನನ್ನ ಮಾತು.

ನಮ್ಮ ಕರಾವಳಿಯವರು ಹೊರಗೆ ಹೋಗಿ ದುಡಿಯೋದು ನಿನ್ನೆ ಮೊನ್ನೆಯದಲ್ಲ. ಗಲ್ಫಿಗಿಂತ ಮೊದಲು ಬೊಂಬಾಯಿ ಇತ್ತು, ಅಲ್ಲಿಯ ಹೋಟೆಲುಗಳಿದ್ದವು. 1973ನೇ ಇಸವಿಯನ್ನು ಮಾತ್ರ ನೀವು ನೆನಪಿಟ್ಟುಕೊಳ್ಳಬೇಕು. ಆ ವರ್ಷ ಅಕ್ಟೋಬರಿನಲ್ಲಿ ಅರಬ್–ಇಸ್ರೇಲ್ ಯುದ್ಧವಾಯಿತು. ಎಣ್ಣೆ ಮಾರುವ ದೇಶಗಳು ಒಟ್ಟಾದವು, ಕೆಲವೇ ತಿಂಗಳಲ್ಲಿ ಎಣ್ಣೆಯ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಆ ದುಡ್ಡಿನಲ್ಲಿ ಅವರು ರಸ್ತೆ, ಬಂದರು, ಊರು ಕಟ್ಟಲು ಹೊರಟರು, ಕಟ್ಟುವ ಕೈ ನಮ್ಮದಾಯಿತು. ಅದೇ 1973ರ ಜುಲೈಯಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಅಡಿಕೆ ಬೆಲೆ ನೆಲ ಕಚ್ಚಿ ಬೆಳೆಗಾರ ಕಂಗಾಲಾಗಿದ್ದ ಹೊತ್ತಿನಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ ಕೇರಳದ ಬೆಳೆಗಾರರು ಕಟ್ಟಿಕೊಂಡ ಸಹಕಾರಿ ಅದು. ಅವರು ಎಣ್ಣೆಗೆ ಬೆಲೆ ಕಟ್ಟಿಕೊಂಡರು, ಇವರು ಅಡಿಕೆಗೆ. ಭತ್ತ ಬೆಳೆಯುವವನು ಯಾವುದಕ್ಕೂ ಕಟ್ಟಿಕೊಳ್ಳಲಿಲ್ಲ. 1974ರ ಭೂಸುಧಾರಣೆಯಲ್ಲಿ ನನ್ನ ಅಪ್ಪ ಡಿಕ್ಲರೇಷನ್ ಹಾಕಿ ಒಂದೂವರೆ ಎಕರೆ ಗೇಣಿ ಭೂಮಿಯನ್ನು ತನ್ನದು ಮಾಡಿಕೊಂಡ. ಗದ್ದೆಗೆ ಒಡೆಯನಾದ. ಭತ್ತದ ಬೆಲೆಗೆ ಒಡೆಯನಾಗಲಿಲ್ಲ. ನಾನು ವಿಮಾನ ಹತ್ತಿದ್ದು ಈ ಕಾರಣಕ್ಕೆ, ಅರಬ್ಬರ ದೇಶ ನೋಡುವ ಆಸೆಗಲ್ಲ.

ಹೇಗೆ ಹತ್ತಿದೆ? ನಲವತ್ತೈದು ಸಾವಿರ ಸಾಲ ಮಾಡಿ. ನೂರಕ್ಕೆ ಮೂರು. ಊರಲ್ಲಿ ಏಜೆಂಟ ಹೇಳಿದ ಸಂಬಳ ತಿಂಗಳಿಗೆ 900 ರಿಯಾಲ್. ಅಲ್ಲಿ ಇಳಿದ ಮೂರನೇ ದಿನ ಅರಬ್ಬಿಯಲ್ಲಿ ಟೈಪಾದ ಕಾಗದಕ್ಕೆ ರುಜು ಹಾಕಿಸಿದರು, ಅದರಲ್ಲಿದ್ದದ್ದು 600. ಪಾಸ್‌ಪೋರ್ಟ್ ಆಗಲೇ ಕಂಪನಿಯ ಕಪಾಟಿನಲ್ಲಿತ್ತು. ಹಿಂದಕ್ಕೆ ಬರೋಣವೆಂದರೆ ಊರಲ್ಲಿ ಬಡ್ಡಿ ಓಡುತ್ತಿದೆ. ಬೇರೆ ಕಡೆ ಕೆಲಸ ಹಿಡಿಯೋಣವೆಂದರೆ ಕರೆಸಿಕೊಂಡ ಮಾಲೀಕ ಒಪ್ಪಬೇಕು. ಆಗ ರಿಯಾಲಿಗೆ ಎಂಟು ರೂಪಾಯಿ ಚಿಲ್ಲರೆ. ಊಟಕ್ಕೆ ಕಳೆದು ಮನೆಗೆ ಕಳಿಸುತ್ತಿದ್ದದ್ದು ಮೂರೂಮುಕ್ಕಾಲು ಸಾವಿರ. ಅದರಲ್ಲಿ ಸಾವಿರ ಮನೆ ಖರ್ಚಿಗೆ, ಉಳಿದದ್ದು ಸಾಲಕ್ಕೆ. ಆ ಸಾಲ ತೀರಿದ್ದು ಇಪ್ಪತ್ತಮೂರನೇ ತಿಂಗಳಲ್ಲಿ. ಎರಡು ವರ್ಷದ ಕರಾರು ಮುಗಿಸಿ ಮೊದಲ ರಜೆಗೆ ಬಂದಾಗ ನನ್ನ ಹತ್ತಿರ ಇದ್ದದ್ದು ಒಂದು ಟೇಪ್ ರೆಕಾರ್ಡರು, ಎರಡು ಕಂಬಳಿ, ಒಂದು ಬಾಟಲಿ ಸೆಂಟು. ಊರವರು "ಸೌದಿಯವ ಬಂದ" ಅಂದರು. ಅಮ್ಮನಿಗೆ ಮಾತ್ರ ಗೊತ್ತಿತ್ತು.

ಈಗ ಹುಡುಗನ ಲೆಕ್ಕಕ್ಕೆ ಬರೋಣ. ನಾವಿಬ್ಬರೂ ಹೋದ ಭಾನುವಾರ ಕ್ಯಾಲೆಂಡರಿನ ಹಿಂಬದಿಯಲ್ಲಿ ಕೂಡಿಸಿ ಕಳೆದದ್ದು ಇದು. ನೀವೂ ಪೆನ್ಸಿಲ್ ತೆಗೆದುಕೊಳ್ಳಿ. ಸಂಬಳ 1,200 ರಿಯಾಲ್, ವಸತಿ ಕಂಪನಿಯದು. ಊಟ, ಫೋನು, ಸಾಬೂನು ಅಂತ 350 ಕಳೆಯಿರಿ. ಉಳಿದದ್ದು 850. ರಿಯಾಲಿಗೆ 23 ರೂಪಾಯಿ ಹಿಡಿಯಿರಿ, 19,550 ಆಯಿತು. ಮನೆಗೆ ತಿಂಗಳಿಗೆ 9,000 ಬೇಕೇ ಬೇಕು. ಸಾಲಕ್ಕೆ ಮಿಕ್ಕದ್ದು 10,550. ಒಂದೂವರೆ ಲಕ್ಷಕ್ಕೆ ಮೊದಲ ತಿಂಗಳ ಬಡ್ಡಿಯೇ 4,500. ಹೀಗೆ ಕಟ್ಟುತ್ತಾ ಹೋದರೆ ಸಾಲ ತೀರೋದು ಹತ್ತೊಂಬತ್ತನೇ ತಿಂಗಳಲ್ಲಿ. ಒಂದು ತಿಂಗಳೂ ಸಂಬಳ ತಪ್ಪಬಾರದು, ಜ್ವರ ಬರಬಾರದು, ಮನೆಯಲ್ಲಿ ಯಾರೂ ಆಸ್ಪತ್ರೆ ಸೇರಬಾರದು. ಎರಡು ವರ್ಷದ ಕರಾರಿನಲ್ಲಿ ಅವನಿಗಾಗಿ ಉಳಿದದ್ದು ಐದು ತಿಂಗಳು, ಕೈಗೆ ಐವತ್ತೆರಡು ಸಾವಿರ ಚಿಲ್ಲರೆ.

ಇನ್ನೊಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಅದೇ ಕಂಪನಿ, ಅದೇ ಕೋಣೆ, ಮೇಲಿನ ಮಂಚ. ಅವನು ಏಜೆಂಟನಿಗೆ ಕಾನೂನು ಹೇಳಿದಷ್ಟೇ ಕೊಟ್ಟವನು. ಕಾನೂನು ಎಷ್ಟು ಹೇಳುತ್ತದೆ ಗೊತ್ತೇ? ನೋಂದಾಯಿತ ಏಜೆಂಟ ಕೆಲಸಕ್ಕೆ ಹೋಗುವವನಿಂದ ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ. ಶೇಕಡ 18ರ ಜಿಎಸ್‌ಟಿ ಸೇರಿ 35,400. ಅದಕ್ಕೆ ರಸೀದಿ ಕೊಡಬೇಕು. ಪಾಸ್‌ಪೋರ್ಟು, ವೈದ್ಯಕೀಯ ತಪಾಸಣೆ, ಬಸ್ ಚಾರ್ಜು ಎಲ್ಲ ಸೇರಿಸಿ ಐವತ್ತು ಸಾವಿರ ಅನ್ನಿ. ಅದನ್ನೂ ನೂರಕ್ಕೆ ಮೂರರ ಬಡ್ಡಿಗೇ ತಂದಿದ್ದರೂ ಆರನೇ ತಿಂಗಳಲ್ಲಿ ಅವನ ಸಾಲ ಮುಗಿಯಿತು. ಎರಡು ವರ್ಷದ ಕೊನೆಗೆ ಅವನ ಕೈಯಲ್ಲಿ ಒಂದು ಲಕ್ಷ ತೊಂಬತ್ತು ಸಾವಿರ. ಇಬ್ಬರ ಬೆವರೂ ಒಂದೇ, ಬಿಸಿಲೂ ಒಂದೇ. ಅಂತರವೆಲ್ಲ ಊರು ಬಿಡುವ ಮೊದಲೇ ಆದದ್ದು.

ಇದು ನಮಗೆ ಗೊತ್ತಿಲ್ಲದ ಕಥೆಯೇನು? ಮಂಡಿಯಲ್ಲಿ ದಳ್ಳಾಳಿ ಮಾಡುವುದನ್ನೇ ಇಲ್ಲಿ ಏಜೆಂಟ ಮಾಡುತ್ತಾನೆ. ಮಂಡಿಯಲ್ಲಿ ಭತ್ತ ತೂಗುವಾಗ ಒಂದು ಕೈ ಎತ್ತುತ್ತಾನೆ, ಇಲ್ಲಿ ಮನುಷ್ಯನನ್ನು ತೂಗುವಾಗ. ವೀಸಾಕ್ಕೆ ದುಡ್ಡು ಅಂತ ಕೇಳುತ್ತಾರಲ್ಲ, ಸೌದಿಯ ಕಾರ್ಮಿಕ ಕಾನೂನಿನಲ್ಲೇ ಕರೆಸಿಕೊಳ್ಳುವ ಖರ್ಚು, ವಾಸದ ಪರವಾನಗಿ, ಕೆಲಸದ ಪರವಾನಗಿ, ಕೊನೆಗೆ ಹಿಂದಿರುಗುವ ಟಿಕೆಟು ಇವೆಲ್ಲ ಮಾಲೀಕನ ಮೇಲೆ ಅಂತ ಬರೆದಿದೆ. ಮಾಲೀಕ ಕೊಡಬೇಕಾದದ್ದನ್ನು ನಾವು ಸಾಲ ಮಾಡಿ ಕೊಡುತ್ತೇವೆ. ನಮ್ಮ ಭತ್ತ ಒಯ್ಯುವವನ ಲಾರಿಗೂ ನಾವೇ ಬಾಡಿಗೆ ಕೊಟ್ಟ ಹಾಗೆ ಆಯಿತಲ್ಲ ಮಾರಾಯ್ರೆ!

ಬೆಂಬಲ ಬೆಲೆಯ ವಿಷಯ ಇಲ್ಲಿ ಬಹಳ ಮಾತಾಡಿದಿರಿ. ದುಡಿಮೆಗೂ ಅಂಥದ್ದೊಂದು ಉಂಟು. ನಮ್ಮ ಜನರನ್ನು ಇಷ್ಟಕ್ಕಿಂತ ಕಡಿಮೆ ಸಂಬಳಕ್ಕೆ ಕಳಿಸೋದಿಲ್ಲ ಅಂತ ಭಾರತ ಸರ್ಕಾರ ಒಂದೊಂದು ದೇಶಕ್ಕೆ, ಒಂದೊಂದು ಕೆಲಸಕ್ಕೆ ಕನಿಷ್ಠ ಸಂಬಳ ಗೊತ್ತು ಮಾಡುತ್ತದೆ. 2020ರ ಸೆಪ್ಟೆಂಬರಿನಲ್ಲಿ, ಕೊರೋನಾ ಹೊತ್ತಿನಲ್ಲಿ, ಗಲ್ಫ್ ದೇಶಗಳಿಗೆ ಇದನ್ನು ಶೇಕಡ 30ರಿಂದ 50ರಷ್ಟು ಇಳಿಸಿಬಿಟ್ಟರು. ಕೆಲಸ ಕೈತಪ್ಪಬಾರದು ಎಂಬುದು ಕೊಟ್ಟ ಕಾರಣ. ಹುಯಿಲೆದ್ದು, ತೆಲಂಗಾಣದ ಹೈಕೋರ್ಟಿಗೆ ವಿಷಯ ಹೋಗಿ, 2021ರ ಜುಲೈಯಲ್ಲಿ ಆ ಆದೇಶ ಹಿಂದಕ್ಕೆ ಪಡೆದರು. ಹುಯಿಲೆಬ್ಬಿಸಿದ ತೆಲಂಗಾಣದವರಿಗೆ ನಮ್ಮ ಕಡೆಯವರೂ ಋಣಿಗಳು. ನಮ್ಮಲ್ಲಿ ಅದರ ಸುದ್ದಿಯೇ ಹೆಚ್ಚು ಜನರಿಗೆ ತಲುಪಲಿಲ್ಲ.

ಇನ್ನೊಂದು ವಿಚಿತ್ರ ಕೇಳಿ. 1983ರ ವಲಸೆ ಕಾಯ್ದೆಯ ಪ್ರಕಾರ ಹತ್ತನೇ ತರಗತಿ ಪಾಸಾಗದವನ ಪಾಸ್‌ಪೋರ್ಟಿಗೆ ವಲಸೆ ತಪಾಸಣೆ ಬೇಕು. ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ರಕ್ಷಣಾಧಿಕಾರಿಯ ಒಪ್ಪಿಗೆ ಆಗಬೇಕು. ಅದರ ಜೊತೆಗೆ ವಿಮೆ ಕಡ್ಡಾಯ: ಎರಡು ವರ್ಷಕ್ಕೆ 275 ರೂಪಾಯಿ ಕಟ್ಟಿದರೆ, ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲನಾದರೆ 10 ಲಕ್ಷ. ಎಸ್ಸೆಸ್ಸೆಲ್ಸಿ ಪಾಸಾದವನು ಮಾತ್ರ ಸರ್ಕಾರದ ಲೆಕ್ಕದಲ್ಲಿ ಬುದ್ಧಿವಂತ, ಅವನಿಗೆ ಈ ತಪಾಸಣೆ ಇಲ್ಲ. ನಮ್ಮ ಜಿಲ್ಲೆಯಲ್ಲಿ ಹುಡುಗರೆಲ್ಲ ಪಾಸಾಗುತ್ತಾರೆ! ಹಾಗಾಗಿ ಕರಾರು ಪತ್ರವನ್ನು ಯಾವ ಅಧಿಕಾರಿಯೂ ನೋಡದೆ, ವಿಮೆ ಇಲ್ಲದೆ, ಎಷ್ಟೋ ಸಲ ವಿಸಿಟ್ ವೀಸಾದಲ್ಲೇ ವಿಮಾನ ಹತ್ತುತ್ತಾರೆ. 2024ರ ಜೂನ್ 12ರಂದು ಕುವೈತಿನ ಮಂಗಾಫಿನಲ್ಲಿ ಕೂಲಿಗಳ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ನಮ್ಮ ದೇಶದವರೇ ನಲವತ್ತಕ್ಕೂ ಹೆಚ್ಚು ಜನ ತೀರಿಕೊಂಡರು. 275 ರೂಪಾಯಿಗೆ ಜಿಪುಣತನ ಮಾಡಬೇಡಿ. ಪಾಸಾದವರೂ ಕೇಳಿ ಮಾಡಿಸಿಕೊಳ್ಳಿ.

ಹಾಗಾದರೆ ಊರಲ್ಲೇ ಇದ್ದರೆ ಏನು? ಇಲ್ಲಿಯೂ ಸುಳ್ಳು ಹೇಳಲಾರೆ. 2025–26ರ ಹಂಗಾಮಿಗೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ. ನನ್ನ ಗದ್ದೆಯಲ್ಲಿ ಒಳ್ಳೆಯ ವರ್ಷ ಎಕರೆಗೆ 16 ಕ್ವಿಂಟಾಲ್. ಸರ್ಕಾರವೇ ಕೊಂಡರೆ 37,904. ಕರಾವಳಿಯಲ್ಲಿ ಕೊಯ್ಲು ಮುಗಿದು, ಒದ್ದೆ ಭತ್ತ ಇಡಲು ಜಾಗವಿಲ್ಲದೆ ಮಿಲ್ಲಿನವನು ಹೇಳಿದ ರೇಟಿಗೆ ಸುರಿದು ಬಂದ ಮೇಲೆ ಖರೀದಿ ಕೇಂದ್ರದ ಬಾಗಿಲು ತೆರೆಯುತ್ತದೆ ಎಂಬುದು ನಿಮಗೆ ನಾನು ಹೇಳಬೇಕಾಗಿಲ್ಲ. ಆ ಮಾತು ಬಿಡಿ, ಪೂರ್ತಿ ಬೆಲೆಯೇ ಸಿಕ್ಕಿತು ಅನ್ನಿ. ಉಳುಮೆ, ನಾಟಿ, ಗೊಬ್ಬರ, ಕಟಾವು ಯಂತ್ರದ ಬಾಡಿಗೆ ಎಲ್ಲ ಸೇರಿ ನನ್ನ ಮನೆಯ ಲಾಗೋಡು ಮೂವತ್ತು ಸಾವಿರ. ಐದು ತಿಂಗಳ ದುಡಿಮೆಗೆ ಉಳಿದದ್ದು ಎಂಟು ಸಾವಿರದ ಒಳಗೆ. ನನ್ನ ಕೂಲಿ, ಹೆಂಡತಿಯ ಕೂಲಿ ಇದರಲ್ಲಿ ಸೇರಿಲ್ಲ. ಇಪ್ಪತ್ತೆರಡರ ಹುಡುಗನ ಮುಂದೆ ಈ ಲೆಕ್ಕ ಇಟ್ಟು "ಊರಲ್ಲೇ ಇರು" ಅನ್ನಲು ನನಗೆ ನಾಲಿಗೆ ಏಳೋದಿಲ್ಲ.

ಆದರೆ ನನ್ನ ತಮ್ಮ ಇದ್ದ. ಅವನ ಕಥೆ ಹೇಳಲೇಬೇಕು. ನಾನು ಹೋದ ಮರುವರ್ಷ ಅವನು ಸೊಸೈಟಿಯಲ್ಲಿ ಸಾಲ ತೆಗೆದು ಬಾವಿ ತೋಡಿಸಿ, ಗದ್ದೆಯ ಅಂಚಿನ ಅರ್ಧ ಎಕರೆಗೆ ಅಡಿಕೆ ಹಾಕಿದ. ನಾನು ಅಲ್ಲಿಂದ ಬೈದು ಕಾಗದ ಬರೆದಿದ್ದೆ, "ನನ್ನ ಸಾಲವೇ ತೀರಿಲ್ಲ, ನಿನ್ನದೊಂದು ಬೇರೆ" ಅಂತ. ಗಿಡ ಫಲಕ್ಕೆ ಬಂದದ್ದು 2001ರ ಹೊತ್ತಿಗೆ. ಅಡಿಕೆ ಬೆಲೆ ಕುಸಿದದ್ದೂ ಆಗಲೇ. ಸೊಸೈಟಿಯಿಂದ ನೋಟೀಸು ಬಂತು. ಎರಡು ವರ್ಷ ಅವನ ಕಂತು ಕಟ್ಟಿದ್ದು ನನ್ನ ರಿಯಾಲು. ಇಲ್ಲದಿದ್ದರೆ ತೋಟ ಹರಾಜಿಗೆ ಬರುತ್ತಿತ್ತು. ಆಮೇಲೆ ನಾನು ಬಂದು ಕೈಯಲ್ಲಿದ್ದದ್ದು ಕರಗಿಸಿ ಕೂತಾಗ, ನನ್ನ ಮಕ್ಕಳ ಶಾಲೆಯ ಫೀಸು ಕಟ್ಟಿದ್ದು ಅದೇ ತೋಟದ ಅಡಿಕೆ. ಒಬ್ಬ ಹೋದದ್ದರಿಂದ ಇನ್ನೊಬ್ಬ ಉಳಿದ, ಒಬ್ಬ ಉಳಿದದ್ದರಿಂದ ಇನ್ನೊಬ್ಬನಿಗೆ ಬರಲು ಜಾಗ ಇತ್ತು. ಯಾವುದು ವಾಸಿ ಅಂತ ನನ್ನನ್ನು ಕೇಳಿದರೆ, ನಮ್ಮ ಮನೆಯಲ್ಲಿ ಅದು ಒಂದೇ ಲೆಕ್ಕದ ಎರಡು ಪುಟ.

ನನ್ನದು ಕರಗಿದ್ದು ಹೇಗೆ? ಎಂಟು ವರ್ಷದಲ್ಲಿ ಮೊದಲೆರಡು ಬಡ್ಡಿಗೆ ಹೋಯಿತು, ಹೇಳಿದೆ. ಒಂದು ಅದೃಷ್ಟವೂ ಇತ್ತು. ರಿಯಾಲು 1986ರಿಂದ ಡಾಲರಿಗೆ ಕಟ್ಟಿ ಹಾಕಿದ್ದು, ಡಾಲರಿಗೆ 3.75. ರೂಪಾಯಿ ಇಳಿದಷ್ಟೂ ನಮಗೆ ಲಾಭ. ಹೋಗುವಾಗ ಎಂಟು ಚಿಲ್ಲರೆ ಇದ್ದದ್ದು ಬರುವಾಗ ಹದಿಮೂರರ ಹತ್ತಿರ. ರೂಪಾಯಿ ಬಿತ್ತು ಅಂತ ರೇಡಿಯೋದಲ್ಲಿ ಕೇಳಿದರೆ ಕ್ಯಾಂಪಿನಲ್ಲಿ ನಾವು ಖುಷಿಪಡುತ್ತಿದ್ದೆವು. ಅದೇ ರೂಪಾಯಿ ಬಿದ್ದದ್ದಕ್ಕೆ ಊರಲ್ಲಿ ಪಂಪ್‌ಸೆಟ್ಟಿನ ಡೀಸೆಲ್ಲೂ ಪೊಟಾಷೂ ತುಟ್ಟಿಯಾಗುತ್ತದೆ ಎಂಬುದು ಹೊಳೆಯುತ್ತಿರಲಿಲ್ಲ. ಉಳಿದ ಆರು ವರ್ಷದ ದುಡ್ಡಿನಲ್ಲಿ ದೊಡ್ಡ ಪಾಲು ತಾರಸಿ ಮನೆಗೆ ಹಾಕಿದೆ. ಆ ಮನೆಯ ಮುಂದೆ ನಿಂತು ಜನ ನೋಡಿದಾಗ ಆದ ಸಂತೋಷ ನಿಜ, ಅದನ್ನು ಅಲ್ಲಗಳೆಯೋದಿಲ್ಲ. ಆದರೆ ಮನೆ ಹಾಲು ಕೊಡೋದಿಲ್ಲ. ಮೂರು ವರ್ಷಕ್ಕೊಮ್ಮೆ ಬಣ್ಣ ಕೇಳುತ್ತದೆ. ಮಳೆಗಾಲದಲ್ಲಿ ಸೋರುತ್ತದೆ. ನಾಲ್ಕನೇ ಒಂದು ಭಾಗದಲ್ಲಿ ಮನೆ ಮುಗಿಸಿ ಉಳಿದದ್ದನ್ನು ನೀರಿಗೆ, ಗಿಡಕ್ಕೆ, ಒಂದು ಹಟ್ಟಿಗೆ ಹಾಕಬಹುದಿತ್ತು. ಇಂದಿಗೂ ಮಳೆ ಬಂದಾಗ ಪಾತ್ರೆ ಇಡುತ್ತಾ ಹೆಂಡತಿ ಇದನ್ನೇ ಹೇಳುತ್ತಾಳೆ.

ಜಮೀನು ಕೊಳ್ಳಲಿಲ್ಲವೇ ಅಂತ ಕೇಳುತ್ತೀರಿ. 2001ರಲ್ಲಿ ಅರ್ಧ ಎಕರೆ ಕೊಂಡೆ. ನನ್ನ ಹೆಸರಿನಲ್ಲಿ ಆಗಲಿಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ: 2000ದ ಜೂನಿನಲ್ಲಿ ಜಾರಿಗೆ ಬಂದ ಫೆಮಾ ಕಾನೂನಿನಲ್ಲಿ, ಕೆಲಸಕ್ಕೆ ಹೊರದೇಶದಲ್ಲಿರುವವನು ಇಲ್ಲಿ ಮನೆ ಕೊಳ್ಳಬಹುದು, ಸೈಟು ಕೊಳ್ಳಬಹುದು, ಕೃಷಿ ಭೂಮಿ ಮಾತ್ರ ಕೊಳ್ಳುವಂತಿಲ್ಲ. ಹೋಗುವ ಮೊದಲೇ ಇದ್ದದ್ದನ್ನು ಇಟ್ಟುಕೊಳ್ಳಬಹುದು, ಅಪ್ಪನಿಂದ ವಾರಸಾಗಿ ಬಂದದ್ದನ್ನು ಪಡೆಯಬಹುದು. ಗದ್ದೆ ಉಳಿಸಿಕೊಳ್ಳಲು ಹೋದವನು ಅಲ್ಲಿರುವಷ್ಟು ಕಾಲ ಗದ್ದೆ ಕೊಳ್ಳಲಾರ. ಅದಕ್ಕೇ ಅಪ್ಪನ ಹೆಸರಿನಲ್ಲಿ ಮಾಡಿಸಿದೆ. ಅಪ್ಪ ವೀಲು ಬರೆಯದೆ ತೀರಿಕೊಂಡ. ಭೂಮಿ ಮೂರು ಪಾಲಾಯಿತು: ನನಗೆ, ತಮ್ಮನಿಗೆ, ತಂಗಿಗೆ. ಕಾನೂನಿನಂತೆ ಸರಿಯಾದದ್ದೇ. ಯಾರದೂ ತಪ್ಪಿಲ್ಲ. ಆದರೂ ಆ ಬೇಲಿ ಹಾಕಿದ ದಿನ ನಾನು ಊಟ ಮಾಡಲಿಲ್ಲ.

ಈಗ ತಮ್ಮನ ತೋಟಕ್ಕೆ ಎಲೆಚುಕ್ಕಿ ರೋಗ ಬಿದ್ದಿದೆ. ಮಗಳ ಮದುವೆಗೆ ಮಾಡಿದ ಸಂಘದ ಸಾಲ, ಮೈಕ್ರೋಫೈನಾನ್ಸ್ ಸಾಲ ಸೇರಿ ಮೂರು ಲಕ್ಷದ ಮೇಲಿದೆ. 2025ರಲ್ಲಿ ಸರ್ಕಾರ ಕಾನೂನು ತಂದ ಮೇಲೆ ವಸೂಲಿಯವರು ಜಗಲಿಯಲ್ಲಿ ಬಂದು ಕೂರುವುದು ನಿಂತಿದೆ, ಸಾಲ ನಿಂತಿಲ್ಲ. ಹುಡುಗ ಹೊರಟಿರುವುದು ಇದಕ್ಕೆ. ಯಾರೋ ಅವನಿಗೆ ಹೇಳಿಕೊಟ್ಟಿದ್ದಾರೆ, ಸೊಸೈಟಿಯ ಬೆಳೆಸಾಲಕ್ಕೆ ಬಡ್ಡಿ ಇಲ್ಲ, 2023ರ ಬಜೆಟ್ಟಿನಲ್ಲಿ ಮಿತಿಯನ್ನೂ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದ್ದಾರೆ, ಅಪ್ಪನ ಹೆಸರಿನಲ್ಲಿ ಅದನ್ನೇ ತೆಗೆದು ವೀಸಾಕ್ಕೆ ಹಾಕು ಅಂತ. ಅದು ಬೇಡವೇ ಬೇಡ ಅಂದೆ. ಬೆಳೆಸಾಲ ವರ್ಷದೊಳಗೆ ತೀರಿಸಬೇಕು. ಹತ್ತೊಂಬತ್ತು ತಿಂಗಳ ಲೆಕ್ಕದವನು ಹನ್ನೆರಡನೇ ತಿಂಗಳಲ್ಲಿ ಎಲ್ಲಿಂದ ತರುತ್ತಾನೆ? ವಾಯಿದೆ ತಪ್ಪಿದರೆ ಬಡ್ಡಿರಹಿತ ಹೋಗಿ ಬಡ್ಡಿಸಹಿತ ಆಗುತ್ತದೆ, ಮುಂದಿನ ಹಂಗಾಮಿಗೆ ಗೊಬ್ಬರಕ್ಕೂ ಸಾಲ ಸಿಕ್ಕೋದಿಲ್ಲ.

ಅವನು ಹೋದರೆ ಅವನ ಪಾಲಿನ ಗದ್ದೆ ಏನಾಗುತ್ತದೆ ಅಂತಲೂ ಕೇಳಿದೆ. "ಹಡಿಲು ಬಿಡೋದು" ಅಂದ. ನಮ್ಮ ಕಡೆ ಎಷ್ಟು ಗದ್ದೆ ಹೀಗೆ ಬಿತ್ತದೆ ಬಿದ್ದಿದೆ ಎಂದು ಬರುವಾಗ ಬಸ್ಸಿನ ಕಿಟಕಿಯಲ್ಲಿ ನೀವೇ ನೋಡಿದ್ದೀರಿ. ಆಗ ಅವನ ಅಮ್ಮ ಒಳಗಿನಿಂದ ಹೇಳಿದಳು, "ಹಡಿಲು ಯಾಕೆ, ನಾನಿಲ್ಲವಾ?" ಗಲ್ಫಿನ ದುಡ್ಡಿನ ಬಗ್ಗೆ ಬರೆಯುವವರು ಈ ಹೆಂಗಸಿನ ಕೂಲಿಯನ್ನು ಯಾವ ಪಟ್ಟಿಗೂ ಸೇರಿಸೋದಿಲ್ಲ. ನಾನೂ ಎಂಟು ವರ್ಷ ಸೇರಿಸಿರಲಿಲ್ಲ.

ಸೋಮವಾರ ನಾನು, ಹುಡುಗ ಇಬ್ಬರೂ ಏಜೆಂಟನ ಆಫೀಸಿಗೆ ಹೋಗುತ್ತಿದ್ದೇವೆ. ಅವನ ನೋಂದಣಿ ಸಂಖ್ಯೆ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಎಂದು ಹುಡುಗನೇ ಮೊಬೈಲಿನಲ್ಲಿ ನೋಡುತ್ತಾನೆ. ಕರಾರು ಪತ್ರವನ್ನು ಹೊರಡುವ ಮೊದಲೇ, ನಮಗೆ ಓದಲು ಬರುವ ಭಾಷೆಯಲ್ಲಿ ಕೈಗೆ ಕೊಡಿ ಅಂತ ಕೇಳುತ್ತೇನೆ. ಆಮೇಲೆ ರಸೀದಿ ಕೇಳುತ್ತೇನೆ. 35,400ಕ್ಕೆ ರಸೀದಿ ಕೊಟ್ಟರೆ ನಮ್ಮ ಹಟ್ಟಿಯ ಎಮ್ಮೆ ಮಾರಿಯಾದರೂ ದುಡ್ಡು ನಾನು ಕೊಡುತ್ತೇನೆ, ಬಡ್ಡಿಯಿಲ್ಲದೆ. ಬಿಳಿ ಚೀಟಿಯಲ್ಲಿ ಒಂದೂವರೆ ಲಕ್ಷ ಅಂತ ಬರೆದು ತೋರಿಸಿದರೆ ಗದ್ದೆಯ ಪತ್ರ ಪೆಟ್ಟಿಗೆಯಲ್ಲೇ ಇರುತ್ತದೆ. ಹುಡುಗ ಇದಕ್ಕೆ ಒಪ್ಪಿದ್ದಾನೆ ಅಂತ ಹೇಳಲಾರೆ. ಮೂರು ದಿನದಿಂದ ನನ್ನ ಹತ್ತಿರ ಸರಿಯಾಗಿ ಮಾತಾಡಿಲ್ಲ. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಬರುತ್ತೇನೆ ಅಂದಿದ್ದಾನೆ.